ಒತ್ತಬ್ಯಾಡ ತಂಗೀ, ಉದುರಿಸು

ಕಳೆದ ತಿಂಗಳ ಕೊನೆಗೆ ನಿವೃತ್ತಳಾದೆ. 31 ವರ್ಷ ಕಲ್ಲು, ಖನಿಜಗಳ ಪುಡಿಗೆ ಎಕ್ಸ್‌-ರೇ ಹಾಯಿಸಿ ಒಳಗಿನ ಪರಮಾಣುಗಳ ಸಾಲುಗಳನ್ನು ಅಳೆದೆ. ಬೀಳ್ಕೊಡುಗೆಗೆ ಗದಗ, ಮುಂಡರಗಿ, ಶಿರಹಟ್ಟಿಯಿಂದ ಬಸ್ ಹಿಡಿದು ಧಾರವಾಡಕ್ಕೆ ಬಂದವರನ್ನು ಕಂಡು ಗಂಟಲು ಕಟ್ಟಿತು. ಅಂದು ಆಡಲಾಗದ ಮಾತು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮೂರಿನ ಅಜ್ಜನಿಗೆ. ಕಪ್ಪತಗುಡ್ಡದ ಸೆರಗಿನ ಊರು ನಮ್ಮದು. ಹಳ್ಳದ ಮರಳನ್ನು ಕಟ್ಟಿಗೆಯ ಮರಿಗೆಯಲ್ಲಿ ತೊಳೆದು ಬಂಗಾರದ ಕಣ ಹುಡುಕುವ ಜಾಲಗಾರ ಆತ. ಮೊದಲು ತೇಲಿ ಬಂದು ಮಿಂಚುವ ಅಭ್ರಕವನ್ನು “ಕಾಗೆಬಂಗಾರ” ಎಂದು ಚೆಲ್ಲುತ್ತಿದ್ದ. ತೂಗಿ ತೂಗಿ ಕಡೆಗೆ ತಳದಲ್ಲಿ ಕರಿ ಮರಳು ಉಳಿದಾಗ, “ನೋಡವಾ, ಹಗೂರ ಇದ್ದದ್ದು ಹೋತು, ವಜ್ಜಾ ಇದ್ದದ್ದು ಕುಂತು” ಎನ್ನುತ್ತಿದ್ದ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಬರೀ ಎರಡೂವರೆ ಪಟ್ಟು ಎಂದು ಕಾಲೇಜಿನಲ್ಲಿ ಓದಿದಾಗ ಆತನ ಮರಿಗೆಯೇ ಕಣ್ಣಮುಂದೆ ಬಂತು.

ಭೌತಶಾಸ್ತ್ರದ ಹುಡುಗಿಗೆ ಭೂವಿಜ್ಞಾನದ ಬೆಂಚಿನಲ್ಲಿ ಜಾಗ ಕೊಟ್ಟ ಗುರುಗಳಿಗೆ ಶರಣು. 1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಕಡೆಯ ಶಿಲೆಗಳಿಗೆ ಧಾರವಾಡದ ಹೆಸರಿಟ್ಟಿದ್ದು, ನಾವು ತುಳಿಯುವ ಈ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು ಎಂಬುದು ಅವರಿಂದಲೇ ತಿಳಿದದ್ದು.

ಆದರೆ ನನ್ನ ಕೆಲಸ ಉಳಿಸಿದವರು ನಾವೆಲ್ಲ ಕಾಕಾ ಎನ್ನುತ್ತಿದ್ದ ಅಟೆಂಡರ್. ನೌಕರಿಗೆ ಸೇರಿದ ಎರಡನೇ ವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಕಲ್ಲಿನಲ್ಲಿ ಅರ್ಧಕ್ಕರ್ಧ ಅಭ್ರಕವಿದೆ ಎಂದು ವರದಿ ಕೊಟ್ಟೆ. ಆತ ಅದೇ ಕಲ್ಲನ್ನು ತೆಳ್ಳಗೆ ತೇಯ್ದು ಗಾಜಿಗೆ ಅಂಟಿಸಿಕೊಂಡು ಬಂದು ಬಾಗಿಲಲ್ಲಿ ನಿಂತ. “ಮೇಡಂ, ಸೂಕ್ಷ್ಮದರ್ಶಕದಾಗ ಹತ್ತರಾಗ ಒಂದು ಪಾಲೂ ಕಾಣವಲ್ದು.” ಯಂತ್ರ ತಪ್ಪು ಹೇಳುವುದಿಲ್ಲ ಎಂದು ಗದರಿಸಿ ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮತ್ತೆ ಪುಡಿಯನ್ನು ತಗಡಿನ ಗುಳಿಗೆ ತುಂಬಿ, ಗಾಜಿನ ಪಟ್ಟಿಯಿಂದ ಒತ್ತಿ ನುಣ್ಣಗೆ ಮಾಡುತ್ತಿದ್ದೆ. ಅಗೇಟ್ ಎಂಬ ಗಟ್ಟಿ ಕಲ್ಲಿನ ಒರಳು ತೊಳೆಯುತ್ತಿದ್ದ ಕಾಕಾ ಕೈ ಒರೆಸಿಕೊಳ್ಳುತ್ತ ಬಂದರು.

“ಒತ್ತಬ್ಯಾಡ ತಂಗೀ, ರೊಟ್ಟಿ ಬಡದ್ಹಂಗ ಆಗತೈತಿ. ಕಾಗೆಬಂಗಾರದ ಪದರೆಲ್ಲಾ ಮಲಕೊಂಡುಬಿಡತಾವ. ಜರಡೀಲೆ ಮ್ಯಾಲಿಂದ ಉದುರಿಸು.”

ಉದುರಿಸಿದೆ. ಪ್ರತಿ ಖನಿಜವೂ ಎಕ್ಸ್‌-ರೇಯನ್ನು ತನ್ನದೇ ಕೋನಗಳಲ್ಲಿ ಹೊರಳಿಸುತ್ತದೆ, ಯಂತ್ರದ ನಕ್ಷೆಯಲ್ಲಿ ಆ ಕೋನದಲ್ಲಿ ಒಂದು ಗೆರೆ ಏಳುತ್ತದೆ. ಸುಮಾರು 8.8 ಡಿಗ್ರಿಯಲ್ಲಿ ಬರುವ ಅಭ್ರಕದ ಗೆರೆ ಗಿಡ್ಡಾಯಿತು, 26.6 ಡಿಗ್ರಿಯ ಬೆಣಚುಕಲ್ಲಿನ ಗೆರೆ ಎದ್ದು ನಿಂತಿತು. ಒತ್ತಿದಾಗ ಚಪ್ಪಟೆ ಪದರಗಳೆಲ್ಲ ಒಂದೇ ಕಡೆ ಮುಖಮಾಡಿ ಮಲಗಿ, ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕಾಣಿಸಿದ್ದವು. ಪುಸ್ತಕದಲ್ಲಿ ಓದಿದ್ದೆ, ಕೈಗೆ ಬಂದಿರಲಿಲ್ಲ. ಹಳೆಯ ಪ್ರಾಧ್ಯಾಪಕರು ಪುಡಿ ಉದುರಿಸುವುದನ್ನು ವರ್ಷಗಟ್ಟಲೆ ನೋಡಿ ನೋಡಿ ಕಾಕಾ ಕಲಿತಿದ್ದರಂತೆ. ಅಂದೇ ಸಂಜೆ ಆ ವಿದ್ಯಾರ್ಥಿಯ ಹಾಸ್ಟೆಲ್ಲಿಗೆ ಹೋಗಿ ಕ್ಷಮೆ ಕೇಳಿ ಹೊಸ ವರದಿ ಕೊಟ್ಟೆ. ಆತ ಎಲ್ಲಿದ್ದರೂ ಚೆನ್ನಾಗಿರಲಿ. ಆ ಬಾಗಿಲಲ್ಲಿ ನಿಲ್ಲಲು ಎಷ್ಟು ಧೈರ್ಯ ಬೇಕಿತ್ತೆಂದು ನನಗೆ ಗೊತ್ತು. ಕಾಕಾ ಈಗಿಲ್ಲ. ಮೊನ್ನೆ ಅವರ ಮಗಳು ಬಂದಿದ್ದಳು, ಅವಳ ಕೈ ಹಿಡಿದುಕೊಂಡೆ, ಅಷ್ಟೇ.

ಹೊಲದಲ್ಲಿ ಸಿಕ್ಕ ಹಳದಿ ಕಲ್ಲನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದ ರೈತ ಅಣ್ಣಂದಿರಿಗೂ ನಾನು ಋಣಿ. ಹೆಚ್ಚಿನವು ಪೈರೈಟ್, ಚಿನ್ನದಂತೆ ಹೊಳೆಯುವ ಕಬ್ಬಿಣ-ಗಂಧಕದ ಖನಿಜ. ಹೊಳಪಿಲ್ಲದ ಬಿಳಿ ಟೈಲ್ಸಿನ ಹಿಂಬದಿಗೆ ಉಜ್ಜಿದರೆ ಚಿನ್ನ ಹಳದಿ ಗೆರೆ ಬಿಡುತ್ತದೆ, ಪೈರೈಟ್ ಕಪ್ಪು. ಕಪ್ಪು ಗೆರೆ ಕಂಡು ಮುಖ ಸಣ್ಣದಾದರೂ “ಇರ್ಲಿ ಬಿಡ್ರೀ ಅಕ್ಕಾರ, ಖರೇ ಹೇಳಿದ್ರಿ” ಎಂದು ಚೀಲದಿಂದ ಶೇಂಗಾ ಸುರಿದು ಹೋಗುತ್ತಿದ್ದರು. ಯಾವ ಪ್ರಶಸ್ತಿಗಿಂತಲೂ ಆ ಮಾತು ನನಗೆ ದೊಡ್ಡದು.

ನಮ್ಮ ಮನೆಯವರಿಗೆ, ರಾತ್ರಿ ಯಂತ್ರದ ಮುಂದೆ ಕೂತಾಗ ಬುತ್ತಿ ತಂದುಕೊಟ್ಟ ಅತ್ತಿಗೆಗೆ ಏನು ಹೇಳಿದರೂ ಕಡಿಮೆಯೇ.

ಒಂದು ಮಾತು ಬಾಕಿ. ರೈತ ಅಣ್ಣಂದಿರೇ, ನೀವು ಬಿಟ್ಟುಹೋದ ಕಲ್ಲುಗಳನ್ನು ನಾನು ಎಸೆದಿಲ್ಲ. ಊರು, ಹೆಸರು ಬರೆದ ಚೀಟಿಯ ಸಮೇತ ಎರಡು ಬಿಸ್ಕತ್ತಿನ ಡಬ್ಬಿಯಲ್ಲಿ ಮನೆಗೆ ತಂದಿಟ್ಟಿದ್ದೇನೆ. ಧಾರವಾಡಕ್ಕೆ ಬಂದಾಗ ಬರ್ರಿ, ಚಹಾ ಕುಡಿದು ನಿಮ್ಮ ಕಲ್ಲು ಒಯ್ಯಿರಿ.