ಅಪ್ಪನ ಸಂಬಳ ಮಕ್ಕಳಿಗೆ ಗೊತ್ತಿರುವುದಿಲ್ಲ

ಮಾನ್ಯ ಸಂಪಾದಕರೇ,

ಹದಿಹರೆಯದವರ ಆರೋಗ್ಯ ಕುರಿತ ವರದಿಗಳಲ್ಲಿ ವಯಸ್ಸು, ಎತ್ತರ, ತೂಕ ಎಲ್ಲವೂ ಇರುತ್ತವೆ. ಅವರು ಎಂಥ ಮನೆಯಿಂದ ಬಂದವರು ಎಂಬುದು ಮಾತ್ರ ಎಷ್ಟೋ ಸಲ ಇರುವುದಿಲ್ಲ. ಎಲ್ಲರನ್ನೂ ಕಲೆಹಾಕಿ ತೆಗೆದ ಸರಾಸರಿಯೊಳಗೆ ಹೆಚ್ಚು ತೊಂದರೆಯಲ್ಲಿರುವವರೇ ಕಾಣದಾಗುತ್ತಾರೆ.

ಕೇಳುವವರು ಕೇಳುವ ರೀತಿಯೂ ಸರಿಯಿಲ್ಲ. ಮನೆಯ ಆದಾಯವೆಷ್ಟು ಎಂದರೆ 13 ವರ್ಷದವರಿಗೆ ತಿಳಿಯದು. ಹೆತ್ತವರ ಉದ್ಯೋಗ ಕೇಳಿದರೆ ಕೆಲವರು ಅಸ್ಪಷ್ಟವಾಗಿ ಬರೆಯುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರನ್ನು ಲೆಕ್ಕದಿಂದ ಕೈಬಿಟ್ಟರೆ ಉಳ್ಳವರ ಮತ್ತು ಬಡವರ ಮಕ್ಕಳ ನಡುವಿನ ಅಂತರ ಇರುವುದಕ್ಕಿಂತ ಕಡಿಮೆ ಕಾಣುವ ಅಪಾಯವಿದೆ. ತರಗತಿಯಲ್ಲಿ ಕೈ ಎತ್ತಿಸಿ ಕೇಳುವುದಂತೂ ಕೂಡದು. ಅವಮಾನಕ್ಕೆ ಹೆದರಿ ಮಕ್ಕಳು ಸುಳ್ಳು ಹೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಯುರೋಪ್ ಮತ್ತು ಕೆನಡಾದಲ್ಲಿ 11, 13, 15 ವರ್ಷದವರ ನಡುವೆ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಶಾಲಾ ಸಮೀಕ್ಷೆ ಇದಕ್ಕೊಂದು ದಾರಿ ಕಂಡುಕೊಂಡಿದೆ. ಮನೆಯಲ್ಲಿ ಎಷ್ಟು ಕಾರು, ಎಷ್ಟು ಕಂಪ್ಯೂಟರ್, ಎಷ್ಟು ಸ್ನಾನದ ಕೋಣೆ, ನಿನಗೆ ಸ್ವಂತ ಕೋಣೆ ಇದೆಯೇ, ಪಾತ್ರೆ ತೊಳೆಯುವ ಯಂತ್ರವಿದೆಯೇ, ಕಳೆದ ವರ್ಷ ರಜೆಗೆ ವಿದೇಶಕ್ಕೆ ಎಷ್ಟು ಸಲ ಹೋಗಿದ್ದಿರಿ: ಇವಿಷ್ಟೇ ಆರು ಪ್ರಶ್ನೆ, ಒಟ್ಟು 0ರಿಂದ 13 ಅಂಕ. ಈ ಪಟ್ಟಿಯನ್ನು ಹಾಗೇ ಎತ್ತಿಕೊಂಡು ಬೇರೆಡೆ ಬಳಸಬಾರದು. ಎಲ್ಲರ ಮನೆಯಲ್ಲೂ ಇರುವ, ಅಥವಾ ಯಾರ ಮನೆಯಲ್ಲೂ ಇರದ ವಸ್ತು ಏನನ್ನೂ ಅಳೆಯುವುದಿಲ್ಲ. ಕಂಪ್ಯೂಟರ್ ಅಗ್ಗವಾದಂತೆ ಅಂಕವೂ ತಾನಾಗಿ ಏರುತ್ತದೆ. ಹಾಗಾಗಿ ಬರಿಯ ಅಂಕವನ್ನು ನಂಬದೆ ಮಕ್ಕಳನ್ನು ಅಂಕದ ಕ್ರಮದಲ್ಲಿ ಸಾಲಾಗಿ ಜೋಡಿಸಿ, ಕೆಳಗಿನ ಶೇ 20, ನಡುವಿನ ಶೇ 60, ಮೇಲಿನ ಶೇ 20 ಎಂದು ವಿಂಗಡಿಸುವುದು ಮೇಲು.

ಹೀಗೆ ವಿಂಗಡಿಸಿ ನೋಡಿದಾಗ ಕಡುಬಡವರು ಒಂದೆಡೆ, ಉಳಿದವರೆಲ್ಲ ಇನ್ನೊಂದೆಡೆ ಎಂಬ ಚಿತ್ರ ಸಿಗುವುದಿಲ್ಲ. ಬೆಳಗಿನ ತಿಂಡಿ, ಹಲ್ಲುಜ್ಜುವುದು, ದೈಹಿಕ ಚಟುವಟಿಕೆ, ಬದುಕಿನ ಬಗೆಗಿನ ತೃಪ್ತಿ ಇವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ನಡುವಿನವರೂ ಮೇಲಿನವರಿಗಿಂತ ಹಿಂದೆ. ಎಲ್ಲದರಲ್ಲೂ ಹೀಗೆಯೇ ಎನ್ನಲಾಗದು: ಚಿಕಿತ್ಸೆ ಬೇಕಾಗುವಂಥ ಗಾಯಗಳು ಉಳ್ಳವರ ಮಕ್ಕಳಲ್ಲೇ ಹೆಚ್ಚು ವರದಿಯಾಗಿವೆ. ಆಟಕ್ಕೆ ಇಳಿಯುವ ಅವಕಾಶ, ವೈದ್ಯರ ಬಳಿ ಹೋಗುವ ಅನುಕೂಲ ಎರಡೂ ಅವರಿಗಿರುವುದು ಇದಕ್ಕೆ ಕಾರಣವಿರಬಹುದು.

ಇನ್ನು ತಪಾಸಣೆಯ ಮಾತು. ದೃಷ್ಟಿ ಮಂದವೆಂದು ಶಾಲೆ ಚೀಟಿ ಬರೆದುಕೊಡುತ್ತದೆ. ದಾಖಲೆಯಲ್ಲಿ ‘ಶಿಫಾರಸು ಮಾಡಲಾಗಿದೆ’ ಎಂದು ನಮೂದಾಗಿ ಕೆಲಸ ಮುಗಿದಂತಾಗುತ್ತದೆ. ಆದರೆ ದಿನಗೂಲಿಯವರಿಗೆ ಕಣ್ಣಿನ ಆಸ್ಪತ್ರೆಗೆ ಹೋಗುವುದೆಂದರೆ ಆ ದಿನದ ಕೂಲಿ ಹೋದಂತೆ, ಕನ್ನಡಕ ತರಲು ಇನ್ನೊಂದು ದಿನದ್ದೂ ಹೋದಂತೆ. ಹೇಗೋ ತಂದ ಕನ್ನಡಕ ಮುರಿದರೆ ಮತ್ತೊಂದು ಬರುವುದು ಕಷ್ಟ. ಹುಡುಗಿ ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಾಳೆ. ತಲೆನೋವು ಬರುತ್ತದೆ, ಅಂಕ ಇಳಿಯುತ್ತದೆ, ‘ಗಮನವಿಲ್ಲ’ ಎಂಬ ಹಣೆಪಟ್ಟಿಯೂ ಬೀಳುತ್ತದೆ.

ಶಾಲಾ ಆರೋಗ್ಯ ದಾಖಲೆಗೆ ಸ್ಥಳಕ್ಕೆ ತಕ್ಕ ಐದಾರು ಪ್ರಶ್ನೆ ಸೇರಿಸಬೇಕು. ಮಕ್ಕಳೇ ಗುಟ್ಟಾಗಿ ತುಂಬಲಿ, ಹೆಸರಿನ ಬದಲು ಸಂಖ್ಯೆ ಇರಲಿ. ಚೀಟಿ ಕೊಟ್ಟ ಮೂರು ತಿಂಗಳಿಗೆ ಎಷ್ಟು ಮಂದಿ ಕನ್ನಡಕ ಹಾಕಿಕೊಂಡಿದ್ದಾರೆ, ಎಷ್ಟು ಮಂದಿಯ ಹುಳುಕು ಹಲ್ಲಿಗೆ ಚಿಕಿತ್ಸೆಯಾಗಿದೆ ಎಂದು ಮೂರೂ ಗುಂಪುಗಳಲ್ಲಿ ಬೇರೆ ಬೇರೆಯಾಗಿ ಎಣಿಸಿ ಪ್ರಕಟಿಸಬೇಕು.

– ಶಾಲಾ ಆರೋಗ್ಯ ಸಮೀಕ್ಷಕರು