ಗಿಟಾರ್ ನುಡಿಸುವ ಗೆಳೆಯನಿಗೆ, ಕಿವಿಯ ಕುರಿತು

ಪ್ರೀತಿಯ ಗೆಳೆಯನಿಗೆ,

ಧಾರವಾಡದಿಂದ ನಮಸ್ಕಾರಗಳು.

ಜಾತ್ರೆಯ ರಸಮಂಜರಿ ಮುಗಿಸಿದ ಮರುದಿನ ಕಿವಿ ಗುಂಯ್‌ಗುಡುತ್ತಿತ್ತು, ಸಂಜೆಯ ಹೊತ್ತಿಗೆ ತಾನಾಗಿಯೇ ನಿಂತಿತು ಎಂದು ನೀನು ಫೋನಿನಲ್ಲಿ ಹಗುರವಾಗಿ ಹೇಳಿದೆ. ಅದು ನಿಂತಿತೆಂಬುದರಿಂದ ನನಗೆ ಸಮಾಧಾನವಾಗಲಿಲ್ಲವಾದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಒಳಗಿವಿಯ ಸುರುಳಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15 ಸಾವಿರ ರೋಮಕೋಶಗಳಿವೆ. ಅತಿಯಾದ ಸದ್ದಿಗೆ ಅವು ಮೊದಲು ಬಳಲುತ್ತವೆ, ಆಮೇಲೆ ಚೇತರಿಸಿಕೊಳ್ಳುತ್ತವೆ. ಆದರೆ ಪದೇ ಪದೇ ಹಾಗಾದರೆ ಸಾಯುತ್ತವೆ, ಮತ್ತು ಮನುಷ್ಯರಲ್ಲಿ ಅವು ಮರಳಿ ಹುಟ್ಟುವುದಿಲ್ಲ. ಕೇಳುವ ಶಕ್ತಿ ಮೊದಲಿನಂತೆಯೇ ಮರಳಿದ ಮೇಲೂ ಆ ಕೋಶಗಳಿಗೂ ನರಕ್ಕೂ ನಡುವಿನ ಕೊಂಡಿಗಳು ಶಾಶ್ವತವಾಗಿ ಕಳಚಿರುತ್ತವೆಂಬುದು 2009ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಅಧ್ಯಯನದಲ್ಲಿ ಕಂಡುಬಂದಿತು. ಸಾಮಾನ್ಯವಾಗಿ ಪೆಟ್ಟು ಮೊದಲು ಬೀಳುವುದು 4000 ಹರ್ಟ್ಸ್‌ನ, ಅಂದರೆ ಚೂಪು ಸ್ವರಗಳ, ಆಸುಪಾಸಿನಲ್ಲಿ. ನಿನ್ನ ಪಿಕ್ ತಂತಿಯನ್ನು ಮೀಟುವ ಚುರುಕು ಕೇಳಿಸುವುದೂ ಅಲ್ಲಿಯೇ. ಅದು ಮಂದವಾದಾಗ ವಾದಕನು ತಿಳಿಯದೆಯೇ ಟ್ರೆಬಲ್ (ಚೂಪು ಸ್ವರಗಳ ಮಟ್ಟ) ಏರಿಸುತ್ತಾನೆ, ಏರಿಸಿದ ಟ್ರೆಬಲ್ ಉಳಿದುದನ್ನೂ ಸವೆಸುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಗವಾಯಿಗಳು ಕಿವಿಯನ್ನೇ ನಂಬಿ ಸಂಗೀತ ಕಲಿತು ಸಾವಿರಾರು ಜನರಿಗೆ ಕಲಿಸಿದ ಸೀಮೆಯವರು ನಾವು. ಕಿವಿಯ ಬೆಲೆಯನ್ನು ನಿನಗೆ ಬೇರೆ ಹೇಳಬೇಕಿಲ್ಲ.

ಸದ್ದು ಎಷ್ಟು ಜೋರು ಎಂಬುದರಷ್ಟೇ ಅದು ಎಷ್ಟು ಹೊತ್ತು ಎಂಬುದೂ ಮುಖ್ಯ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯಗಳನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 85 ಡೆಸಿಬಲ್ 8 ಗಂಟೆ ಸಲ್ಲುತ್ತದೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ, ಹೀಗಾಗಿ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಡ್ರಮ್ಮಿನ ಪಕ್ಕದಲ್ಲಿ, ಆಂಪ್ಲಿಫೈಯರ್ ಮುಂದೆ, ಮೂರು ಗಂಟೆ ನಿಲ್ಲುವವನು ನೀನು.

ಸದ್ದು ತಡೆಯಲು ಕಿವಿಗೆ ಹಾಕುವ ಇಯರ್‌ಪ್ಲಗ್ ಕೊಳ್ಳುವ ಮುನ್ನ ವೇದಿಕೆಯನ್ನು ಸರಿಪಡಿಸು. ಮಿಕ್ಸರ್ ಮುಂದೆ ಕೂರುವ ನನಗೆ ಇದು ಪ್ರತಿ ಕಾರ್ಯಕ್ರಮದಲ್ಲಿಯೂ ಕಾಣುತ್ತದೆ. ನಿನ್ನ ಆಂಪ್ಲಿಫೈಯರ್ ನೆಲದ ಮೇಲೆ ಕುಳಿತು ನಿನ್ನ ಮೊಣಕಾಲಿಗೆ ನುಡಿಸುತ್ತಿರುತ್ತದೆ. 12 ಇಂಚಿನ ಸ್ಪೀಕರಿನ ಚೂಪು ಸ್ವರಗಳು ನೇರವಾಗಿ ಮುಂದಕ್ಕೆ ಹೋಗುತ್ತವೆಯೇ ಹೊರತು ಮೇಲಕ್ಕೆ ಹರಡುವುದು ಕಡಿಮೆ. ಆದ್ದರಿಂದ ನಿನಗೆ ಮಂಕಾಗಿ ಕೇಳಿ ನೀನು ಏರಿಸುತ್ತೀಯ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅದನ್ನು ಒಂದು ಗಟ್ಟಿ ಕುರ್ಚಿಯ ಮೇಲಿಡು, ಇಲ್ಲವೇ ಹಿಂದಕ್ಕೆ ವಾಲಿಸಿ ನಿನ್ನ ಮುಖಕ್ಕೆ ತಿರುಗಿಸು. ಆಗ ನೀನೇ ವಾಲ್ಯೂಮ್ ಇಳಿಸುತ್ತೀಯ. ಜನರಿಗೆ ಗಿಟಾರ್ ಮುಟ್ಟಿಸುವ ಕೆಲಸವನ್ನು ಅದರ ಮುಂದಿಟ್ಟ ಮೈಕಿಗೂ ನನಗೂ ಬಿಡು. ಡ್ರಮ್ಮಿನ ಜೊತೆಗಿರುವ ಲೋಹದ ತಟ್ಟೆ ಸಿಂಬಲ್‌ನಿಂದ ನಾಲ್ಕು ಹೆಜ್ಜೆ ದೂರ ನಿಲ್ಲು. ವೇದಿಕೆಯ ಸದ್ದನ್ನು ಕಿವಿಯೊಳಗೇ ಕೇಳಿಸುವ ಇನ್-ಇಯರ್ ಹಾಕಿಕೊಂಡರೆ ಎರಡೂ ಕಿವಿಗೆ ಹಾಕಿಕೋ. ಒಂದನ್ನು ತೆಗೆದರೆ ಆ ಕಿವಿಗೆ ರಕ್ಷಣೆಯಿಲ್ಲ, ಇನ್ನೊಂದರಲ್ಲಿ ಸದ್ದು ಏರಿಸುವುದು ತಪ್ಪುವುದಿಲ್ಲ.

ಇನ್ನು ಇಯರ್‌ಪ್ಲಗ್. ಹತ್ತಿ ತುರುಕಿಕೊಂಡರೆ ಪ್ರಯೋಜನವಿಲ್ಲ. ಫೋಮಿನದು ಸದ್ದನ್ನು ಚೆನ್ನಾಗಿ ತಡೆಯುತ್ತದಾದರೂ ಚೂಪು ಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಕಂಬಳಿ ಹೊದ್ದು ಕೇಳಿದಂತಾಗುತ್ತದೆ, ನೀನು ಎರಡನೇ ಹಾಡಿಗೇ ಕಿತ್ತಿಡುತ್ತೀಯ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರಿನ ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಸರಿಯಾಗಿ ಕೂತು 15 ಡೆಸಿಬಲ್ ತಗ್ಗಿಸಿದರೆ ಮೇಲಿನ ಲೆಕ್ಕದ 15 ನಿಮಿಷ 8 ಗಂಟೆಯಾಗುತ್ತದೆ. ಮೊದಲ ಸಲ ವೇದಿಕೆಯಲ್ಲಿ ಹಾಕಿಕೊಳ್ಳಬೇಡ, ತಾಲೀಮಿನಲ್ಲಿಯೇ ರೂಢಿ ಮಾಡಿಕೋ. ತಗಡಿನ ಷಟರ್ ಎಳೆದ ನಿಮ್ಮ ತಾಲೀಮಿನ ಕೋಣೆಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿಯುವುದರಿಂದ, ನನ್ನ ಅಂದಾಜಿನಲ್ಲಿ, ಅಲ್ಲಿ ಬಯಲು ವೇದಿಕೆಗಿಂತಲೂ ಅಪಾಯ ಹೆಚ್ಚು.

ಈಗಲೇ ಒಮ್ಮೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಯಲ್ಲಾಗಲಿ, ಬೇರೆ ಕಿವಿ ವೈದ್ಯರಲ್ಲಾಗಲಿ ಶ್ರವಣ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶದ ನಕ್ಷೆಯನ್ನು ಜೋಪಾನವಾಗಿಡು. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಒಂದು ದಿನವೂ ಕಾಯದೆ ವೈದ್ಯರ ಬಳಿ ಹೋಗು, ಚಿಕಿತ್ಸೆ ಬೇಗ ಶುರುವಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.

ಮುಂದಿನ ತಾಲೀಮಿಗೆ ಡೆಸಿಬಲ್ ಮೀಟರ್ ಹಿಡಿದುಕೊಂಡು ನಾನೇ ಹುಬ್ಬಳ್ಳಿಗೆ ಬರುತ್ತೇನೆ. ಡ್ರಮ್ ನುಡಿಸುವ ಹುಡುಗನಿಗೂ ಈ ಪತ್ರ ತೋರಿಸು; ಸಿಂಬಲ್‌ಗೆ ಅವನ ಕಿವಿ ನಿನ್ನದಕ್ಕಿಂತ ಹತ್ತಿರವಿದೆ.

ನಿನ್ನ ಗೆಳೆಯ