ಊರೊಳಗೆ ಕಾರು ತರಬೇಡ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಿನ್ನೆ ಅಕ್ಕ ಫೋನು ಮಾಡಿದ್ದಳು. ಇಟಲಿಯ ಫ್ಲಾರೆನ್ಸ್‌ನಲ್ಲಿ ಐದು ದಿನ ಇರುತ್ತೀರಂತೆ. ಐದೂ ದಿನಕ್ಕೆ ಬಾಡಿಗೆ ಕಾರು ಹೇಳಿದ್ದೀಯಂತೆ, ಹೋಟೆಲಿನ ಬಾಗಿಲಿಗೇ ತಂದು ನಿಲ್ಲಿಸುತ್ತೀಯಂತೆ. ಅಕ್ಕನ ಮಂಡಿನೋವು, ಭಾವನ ವಯಸ್ಸು ನೆನೆಸಿಕೊಂಡೇ ನೀನು ಹೀಗೆ ಮಾಡಿದ್ದೀಯ, ಗೊತ್ತು. ಅದಕ್ಕೆ ನನಗೆ ಸಂತೋಷವೇ. ಆದರೆ ಇನ್ನೂ ಸಮಯವಿದೆ, ಆ ಬುಕಿಂಗ್ ಬದಲಾಯಿಸು ಪುಟ್ಟಾ.

ಫ್ಲಾರೆನ್ಸ್‌ನ ಹಳೇ ಊರಿನ ಬಹುಪಾಲು ಬೀದಿಗಳಲ್ಲಿ ಹೊರಗಿನವರ ಕಾರಿಗೆ ಪ್ರವೇಶವಿಲ್ಲ. ಅಂಥ ಜಾಗಕ್ಕೆ ಅಲ್ಲಿ ಝಡ್‌ಟಿಎಲ್, ಅಂದರೆ ಸೀಮಿತ ಸಂಚಾರದ ವಲಯ ಅನ್ನುತ್ತಾರೆ. ಗೇಟಿಲ್ಲ, ಪೊಲೀಸರಿಲ್ಲ, ತಡೆಯುವವರು ಯಾರೂ ಇಲ್ಲ. ಕಂಬದ ಮೇಲೊಂದು ಕ್ಯಾಮೆರಾ ಇರುತ್ತದೆ, ನಂಬರ್ ಪ್ಲೇಟ್ ಹಿಡಿದುಕೊಳ್ಳುತ್ತದೆ, ಅಷ್ಟೇ. ಕೆಂಪು ಅಂಚಿನ ದುಂಡನೆಯ ಬಿಳಿ ಬೋರ್ಡಿನ ಹತ್ತಿರ 'ವಾರ್ಕೊ ಅಟ್ಟಿವೊ' ಅಂತ ಅಕ್ಷರ ಹೊಳೆಯುತ್ತಿರುತ್ತದೆ. ಓದಿದವರಿಗೆ 'ದಾರಿ ತೆರೆದಿದೆ' ಅನ್ನಿಸುತ್ತದೆ. ನಿಜವಾದ ಅರ್ಥ ಉಲ್ಟಾ. ಕ್ಯಾಮೆರಾ ಚಾಲೂ ಇದೆ, ಒಳಗೆ ಬರಬೇಡ ಅಂತ.

ನಾನೂ ಅತ್ತೆಯೂ ಹೋಗಿದ್ದಾಗ ಫೋನಿನ ಮ್ಯಾಪ್ ತೋರಿಸಿದ ಹಾಗೆ ಹೋಟೆಲಿನವರೆಗೆ ಹೋಗಿಬಿಟ್ಟೆ. ಏನೂ ಆಗಲಿಲ್ಲ, ನೆಮ್ಮದಿಯಾಗಿ ಊರಿಗೆ ಬಂದೆವು. ಮೂರು ತಿಂಗಳಾದ ಮೇಲೆ ಕಾರ್ಡಿನಿಂದ ಒಂದಷ್ಟು ದುಡ್ಡು ಹೋಯಿತು. ನನ್ನ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯವರು ಹಾಕಿದ ಶುಲ್ಕ ಅದು. ದಂಡವೇ ಬೇರೆ. ಅದು ಎಂಟು ತಿಂಗಳ ಮೇಲೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮೈಸೂರಿನ ಮನೆಗೇ ಬಂತು. ಒಂದಲ್ಲ, ಎರಡು. ಹೋಗುವಾಗ ಒಂದು ಕ್ಯಾಮೆರಾ, ಬರುವಾಗ ಇನ್ನೊಂದು. ಹೊರದೇಶದವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನ ಅವಕಾಶವಿದೆ. ಅಂಥದ್ದೇನಾದರೂ ಬಂದರೆ ಐದು ದಿನದೊಳಗೆ ಕಟ್ಟಿಬಿಡು, ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. ನನಗೆ ಅದೂ ಗೊತ್ತಿರಲಿಲ್ಲ.

ಹಾಗಾಗಿ ಹೀಗೆ ಮಾಡು. ಐದು ದಿನದಲ್ಲಿ ಎರಡು ದಿನಕ್ಕೆ ಮಾತ್ರ ಕಾರು ತಗೋ. ಊರೊಳಗಿನ ಕಚೇರಿ ಬೇಡ, ವಿಮಾನ ನಿಲ್ದಾಣದ ಹತ್ತಿರದ್ದೇ ಇರಲಿ. ಸಾಂಟಾ ಮಾರಿಯಾ ನೊವೆಲ್ಲಾ ರೈಲು ನಿಲ್ದಾಣದ ಪಕ್ಕದಿಂದ ಟಿ2 ಟ್ರಾಮ್ ನೇರವಾಗಿ ಅಲ್ಲಿಗೆ ಹೋಗುತ್ತದೆ. ಕಾರು ಅಲ್ಲೇ ತಗೊಂಡು, ಸಂಜೆ ಊರ ಹೊರಗೇ ಬಿಟ್ಟು, ಟ್ರಾಮಿನಲ್ಲಿ ಬನ್ನಿ. ಎ1 ಹೆದ್ದಾರಿಗೇ ಅಂಟಿಕೊಂಡು ವಿಲ್ಲಾ ಕೊಸ್ಟಾಂಜಾ ಅಂತ ದೊಡ್ಡ ಪಾರ್ಕಿಂಗ್ ಇದೆ, ಅಲ್ಲಿಂದ ಟಿ1 ಟ್ರಾಮ್ ಸಿಗುತ್ತದೆ. ರಾತ್ರಿ ಕಾರು ಅಲ್ಲಿದ್ದರೆ ನೀನು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಪೀಸಾ, ಲುಕ್ಕಾ, ಅರೆಝ್ಝೊ ಈ ಮೂರಕ್ಕೂ ರೈಲಿದೆ. ಪೀಸಾಗೆ ಒಂದು ಗಂಟೆ. ಲುಕ್ಕಾ ನೋಡದೆ ಬರಬೇಡ. ಊರ ಸುತ್ತ ನಾಲ್ಕು ಕಿಲೋಮೀಟರಿಗಿಂತ ಉದ್ದದ ಕೋಟೆಗೋಡೆ, ಅದರ ಮೇಲೆ ಸಾಲುಮರ, ಸಮತಟ್ಟಾದ ದಾರಿ. ಭಾವನ ವಾಕಿಂಗಿಗೆ ಹೇಳಿ ಮಾಡಿಸಿದ ಹಾಗಿದೆ. ರೈಲಿನ ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಮಷಿನ್‌ನಲ್ಲಿ ಮುದ್ರೆ ಹಾಕಿಸಬೇಕು, ಮರೆಯಬೇಡ.

ಕಾರು ಬೇಕಾಗುವುದು ಫ್ಲಾರೆನ್ಸ್‌ಗೂ ಸಿಯೆನಾಗೂ ನಡುವಿನ ಗುಡ್ಡಗಾಡು ಕಿಯಾಂಟಿಯ ಹಳ್ಳಿಗಳಿಗೆ. ಮೊದಲ ದಿನ 222ನೇ ನಂಬರಿನ ರಸ್ತೆ ಹಿಡಿದು ಗ್ರೇವೆ, ಕಾಸ್ತೆಲ್ಲಿನಾ ದಾಟಿ ಸಿಯೆನಾ ಸೇರು. ದ್ರಾಕ್ಷಿ ತೋಟ, ಆಲಿವ್ ತೋಪು, ಗುಡ್ಡದ ಮೇಲೊಂದು ಕಲ್ಲಿನ ಮನೆ, ಮತ್ತೆ ದ್ರಾಕ್ಷಿ ತೋಟ. ಈ ದಾರಿಯೇ ಒಂದು ನೋಟ, ಅವಸರ ಬೇಡ. ತಿರುವುಗಳು ಜಾಸ್ತಿ. ನಮ್ಮ ಘಾಟಿಯಲ್ಲೇ ಅಕ್ಕನಿಗೆ ಹೊಟ್ಟೆ ತೊಳೆಸುತ್ತದೆ, ನಿನಗೆ ಗೊತ್ತಲ್ವಾ. ಅವಳನ್ನು ಮುಂದೆ ಕೂರಿಸು, ಅರ್ಧ ಗಂಟೆಗೊಮ್ಮೆ ನಿಲ್ಲಿಸು. ಸಿಯೆನಾದಲ್ಲೂ ಊರೊಳಗೆ ಕಾರು ಬಿಡುವುದಿಲ್ಲ. ಸಾಂತಾ ಕತೆರೀನಾ ಪಾರ್ಕಿಂಗಿಗೆ ಹೋಗು. ಅಲ್ಲಿಂದ ಎಸ್ಕಲೇಟರ್‌ಗಳು ದೊಡ್ಡ ಚರ್ಚಿನ ಹತ್ತಿರದವರೆಗೆ ಹತ್ತಿಸುತ್ತವೆ. ಆ ಏರು ಅಕ್ಕನಿಂದ ಆಗುವುದಿಲ್ಲ, ಅದಕ್ಕೇ ಈ ಹೆಸರು ಬರೆದಿಟ್ಟುಕೋ ಅನ್ನುತ್ತಿದ್ದೇನೆ. ವಾಪಸು ಬರುವಾಗ ಟೋಲ್ ಇಲ್ಲದ ದೊಡ್ಡ ರಸ್ತೆಯಿದೆ, ಸುಮಾರು 70 ಕಿಲೋಮೀಟರ್. ಅಗಲ ಕಡಿಮೆ, ಸ್ಪೀಡ್ ಕ್ಯಾಮೆರಾಗಳಿವೆ. ಹಿಂದಿನವನು ಒತ್ತಿಕೊಂಡು ಬಂದರೂ ನೀನು ಬೋರ್ಡಿನಲ್ಲಿ ಹೇಳಿದಷ್ಟೇ ಹೋಗು.

ಎರಡನೇ ದಿನ ಸಾನ್ ಜಿಮಿನ್ಯಾನೊ. ಒಂದು ಕಾಲಕ್ಕೆ 72 ಗೋಪುರಗಳಿದ್ದವು ಅನ್ನುತ್ತಾರೆ, ಈಗ 14 ಉಳಿದಿವೆ. ಮೊಂಟೆಮಾಜ್ಜೊ ಪಾರ್ಕಿಂಗ್ ಕೋಟೆ ಬಾಗಿಲಿಗೆ ಹತ್ತಿರ. ಬೆಳಗ್ಗೆ ಬೇಗ ಹೋದರೆ ಜಾಗ ಸಿಗುತ್ತದೆ. ಬರುವಾಗ ಮೊಂಟೆರಿಜ್ಜೋನಿಯಲ್ಲಿ ಕಾಫಿ ಕುಡಿಯಿರಿ. ಪಿಯೆಂಜಾ ಕಡೆಗೂ ಹೋಗಬೇಕು ಅನ್ನಿಸುತ್ತದೆ ನಿನಗೆ. ಹೋಗುವುದಕ್ಕೇ ಎರಡು ಗಂಟೆ, ಬರುವುದಕ್ಕೆ ಎರಡು. ಹಿರಿಯರನ್ನು ಅಷ್ಟು ಹೊತ್ತು ಕೂರಿಸಬೇಡ, ಅದನ್ನು ಈ ಸಲ ಬಿಡು.

ಹೊರಡುವ ಮೊದಲು ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸು, ಒಂದು ವರ್ಷ ನಡೆಯುತ್ತದೆ. ಅದರ ಜೊತೆ ಇಲ್ಲಿನ ಲೈಸೆನ್ಸೂ ಇರಬೇಕು. ಕ್ರೆಡಿಟ್ ಕಾರ್ಡು ಓಡಿಸುವವನ ಹೆಸರಲ್ಲೇ ಇರಲಿ, ಡೆಪಾಸಿಟ್ ಅದರಲ್ಲೇ ಹಿಡಿಯುತ್ತಾರೆ. ಕಾರು ಕೈಗೆ ಬಂದ ಕೂಡಲೇ ನಾಲ್ಕೂ ಕಡೆ, ಚಕ್ರ, ಗಾಜು ಎಲ್ಲದರ ವಿಡಿಯೊ ತೆಗಿ. ಇನ್ಶೂರೆನ್ಸ್ ಇದ್ದರೂ ಟಯರು, ಗಾಜು ಎಷ್ಟೋ ಸಲ ಅದರಲ್ಲಿ ಸೇರಿರುವುದಿಲ್ಲ, ಕೇಳಿ ನೋಡು.

ಆಟೋಮ್ಯಾಟಿಕ್ ಕಾರೇ ಕೇಳು, ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ. ಅಲ್ಲಿ ಬಲಗಡೆ ಓಡಿಸಬೇಕು, ಸ್ಟಿಯರಿಂಗ್ ಎಡಕ್ಕೆ. ಇಂಡಿಕೇಟರ್ ಹಾಕಲು ಹೋದರೆ ಮೊದಲ ದಿನ ವೈಪರ್ ಓಡುತ್ತದೆ. ಟ್ರಾಫಿಕ್ ಇರುವಾಗ ತಪ್ಪುವುದಿಲ್ಲ, ಮುಂದಿನ ಕಾರನ್ನು ನೋಡಿಕೊಂಡು ಹೋಗುತ್ತೇವೆ. ತಪ್ಪುವುದು ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಇಳಿಯುವಾಗ. ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಪ್ರತಿ ಸಲ ಹೊರಡುವಾಗ 'ಬಲಕ್ಕೆ' ಅಂತ ಹೇಳಲು ನಿನ್ನ ಹೆಂಡತಿಗೆ ಹೇಳಿಡು. ಅತ್ತೆ ನನಗೆ ಹಾಗೇ ಹೇಳುತ್ತಿದ್ದಳು, ಎರಡು ಸಲ ಅದರಿಂದಲೇ ಉಳಿದೆವು. ಆ ತೋಟಗಳಲ್ಲಿ ವೈನ್ ರುಚಿ ನೋಡಿ ಅಂತ ಕರೆಯುತ್ತಾರೆ. ಸ್ಟಿಯರಿಂಗ್ ಹಿಡಿಯುವವನು ಒಂದು ಗುಟುಕೂ ಮುಟ್ಟಬಾರದು. ಇದರಲ್ಲಿ ನನ್ನ ಮಾತು ಮೀರಬೇಡ.

ಬದಲಾಯಿಸಿದ ಬುಕಿಂಗ್ ಕಾಗದ ನನಗೂ ಒಂದು ಕಳಿಸು. ಡೆಪಾಸಿಟ್ ಎಷ್ಟು, ಡಿಕ್ಕಿಯಾದರೆ ನೀನು ಕಟ್ಟಬೇಕಾದ್ದು ಎಷ್ಟು, ಎರಡನ್ನೂ ನೋಡಿ ಫೋನು ಮಾಡುತ್ತೇನೆ. ಅಕ್ಕನಿಗೆ ಮಂಡಿಪಟ್ಟಿ ಇಟ್ಟುಕೊಳ್ಳಲು ನೆನಪು ಮಾಡು.

ಇಂತಿ,
ನಿನ್ನ ಮಾವ